ಗೋಡೆಗೆ ಯಾವ ಚಿತ್ರ?

ಹೊಸ ಮನೆ ಅಂದ್ರೆ ಹಾಲ್‌ನಲ್ಲಿ ಏಳು ಕುದುರೆ ಓಡಲೇಬೇಕಾ? ಸೋಫಾ ಬಣ್ಣಕ್ಕೆ ಮ್ಯಾಚ್ ಆಗೋ ಚಿತ್ರ ತರಿಸೋ ಮುಂಚೆ ನಾವು ಮಲೆನಾಡಿನ ಹಸೆ ಚಿತ್ತಾರ ನೋಡೋಣ. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಮದುವೆಗೆ ಇದನ್ನು ಮನೆಗೋಡೆ ಮೇಲೆ ಬರೀತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಕಪ್ಪಾಗುವಷ್ಟು ಹುರಿದ ಅಕ್ಕಿಯ ಕರಿಬಣ್ಣ, ಗುರಿಗೆ ಬೀಜದ ಹಳದಿ. ಪುಂಡಿ ನಾರೇ ಕುಂಚ. (ನಮ್ಮ ಡ್ರಾಯಿಂಗ್ ಶೀಟ್ ನೆನಪಾಯ್ತಾ?) ದೂರದಿಂದ ಬರೀ ಜಾಮಿಟ್ರಿ ಥರ ಕಾಣುತ್ತೆ, ಹತ್ತಿರ ಹೋದ್ರೆ ಮದುಮಕ್ಕಳು, ಭತ್ತದ ತೆನೆ, ಹಕ್ಕಿ. ಕೊಳ್ಳುವಾಗ "ಈ ಗೆರೆ ಏನು?" ಅಂತ ಬರೆದವರನ್ನೇ ಕೇಳಬೇಕು. ಆ ಗದ್ದೆ, ಆ ಮದುವೆ ನಮಗೂ ಏನಾದರೂ ನೆನಪಿಸಿದರೆ ತರೋಣ. ಇಲ್ಲವಾ, ಅಜ್ಜಿಯ ರಂಗೋಲಿ ಪುಸ್ತಕದ ಒಂದು ಹಾಳೆಗೆ ಫ್ರೇಮ್ ಹಾಕಿಸಿದ್ರೂ ಆಯ್ತು.