ಮೌಸ್ ಅವಳ ಕೈಯಲ್ಲೇ ಇರಲಿ

2025ರ ಆಗಸ್ಟ್‌ನ ಒಂದು ಭಾನುವಾರ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. “ಚಿಕ್ಕಮ್ಮ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ನೀವೇ ಹಾಕಿಬಿಡಿ. ಪ್ಯಾನು, ಪಾಸ್‌ವರ್ಡು ಎಲ್ಲ ಕೊಡ್ತೀನಿ” ಅಂದಳು. ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದವಳು, ಇದು ಮೊದಲ ರಿಟರ್ನ್. ಗಡುವು ಸೆಪ್ಟೆಂಬರ್ 15ಕ್ಕೆ ಹೋಗಿದ್ದರಿಂದ ಅವಸರ ಇರಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ; ಮೌಸ್ ಮಾತ್ರ ಮುಟ್ಟಲಿಲ್ಲ.

ಅದಕ್ಕೆ ಕಾರಣವಿದೆ. 2011ರಲ್ಲಿ ನನ್ನ ಮೊದಲ ಆನ್‌ಲೈನ್ ರಿಟರ್ನನ್ನು ಪರಿಚಯದವರೊಬ್ಬರು ಐದೇ ನಿಮಿಷದಲ್ಲಿ ಮುಗಿಸಿಕೊಟ್ಟರು. ಆಗ ಐಟಿಆರ್-ವಿ ಅನ್ನುವ ಹಾಳೆಗೆ ಸಹಿ ಹಾಕಿ 120 ದಿನದೊಳಗೆ ಬೆಂಗಳೂರಿನಲ್ಲಿರುವ ಆದಾಯ ತೆರಿಗೆ ಇಲಾಖೆಯ ಕೇಂದ್ರ ಸಿಪಿಸಿಗೆ ಅಂಚೆಯಲ್ಲಿ ಕಳಿಸಬೇಕಿತ್ತು. ನನಗೆ ಅದು ಗೊತ್ತೇ ಇರಲಿಲ್ಲ. ಹಾಳೆ ಡ್ರಾಯರ್‌ನಲ್ಲೇ ಉಳಿಯಿತು, ರಿಟರ್ನ್ ಹಾಕಿಯೇ ಇಲ್ಲ ಎಂಬ ಲೆಕ್ಕವಾಯಿತು. ಹಾಕಿಕೊಟ್ಟವರ ತಪ್ಪಲ್ಲ. ನಾನು ಏನನ್ನೂ ನೋಡದೆ ಸುಮ್ಮನೆ ಕೂತಿದ್ದೆ.

ಅವಳಿಗೆ ಮೊದಲು ತೆರೆಯಿಸಿದ್ದು ಎಐಎಸ್. ನಮ್ಮ ಪ್ಯಾನ್‌ಗೆ ಯಾರ್‍ಯಾರು ಎಷ್ಟು ದುಡ್ಡು ಕೊಟ್ಟರೆಂದು ಇಲಾಖೆಗೆ ಬಂದಿರುವ ಮಾಹಿತಿ ಅದರಲ್ಲಿ ಇರುತ್ತದೆ. ಪಿಡಿಎಫ್ ಇಳಿಸಿಕೊಂಡಳು, ಪಾಸ್‌ವರ್ಡ್ ಕೇಳಿತು. ಪ್ಯಾನ್ ನಂಬರ್, ಹಿಂದೆಯೇ ಹುಟ್ಟಿದ ದಿನಾಂಕ. ಎರಡು ಸಲ ತಪ್ಪು ಬಂತು. ಅಕ್ಷರಗಳು ಸಣ್ಣವಿರಬೇಕು ಅಂದೆ, ತೆರೆಯಿತು.

ಸಂಬಳದ ಕೆಳಗೆ ಎರಡು ಕಂಪನಿಗಳ ಹೆಸರಿತ್ತು. ಮೊದಲನೆಯದರಲ್ಲಿ ತಿಂಗಳಿಗೆ 60,000ದಂತೆ ಐದು ತಿಂಗಳು, ಎರಡನೆಯದರಲ್ಲಿ 80,000ದಂತೆ ಏಳು ತಿಂಗಳು. ಹಳೆ ಸಂಬಳದ ಲೆಕ್ಕವನ್ನು ಹೊಸ ಕಂಪನಿಗೆ ಅವಳು ಕೊಟ್ಟಿರಲಿಲ್ಲ. ಕೊಡಬೇಕೆಂದು ಯಾರೂ ಹೇಳಿರಲೂ ಇಲ್ಲ. ಎರಡೂ ಕಂಪನಿಗಳು ತಮ್ಮ ಪಾಲಿನ ಸಂಬಳವನ್ನಷ್ಟೇ ನೋಡಿ, ತೆರಿಗೆ ಬರುವುದಿಲ್ಲವೆಂದು ಒಂದು ರೂಪಾಯಿಯನ್ನೂ ಹಿಡಿದಿರಲಿಲ್ಲ. ಹೊಸ ಕಂಪನಿಯ ಫಾರ್ಮ್ 16 ಒಂದನ್ನೇ ಇಟ್ಟುಕೊಂಡು ಕೂತಿದ್ದರೆ ಲೆಕ್ಕ ಸೊನ್ನೆಗೆ ಮುಗಿದುಬಿಡುತ್ತಿತ್ತು. ಎರಡನ್ನೂ ಕೂಡಿಸಿದರೆ 8,60,000. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 7,85,000. ಆ ವರ್ಷ ಹೊಸ ತೆರಿಗೆ ಪದ್ಧತಿಯಲ್ಲಿ ರಿಬೇಟ್ ಇದ್ದದ್ದು ಏಳು ಲಕ್ಷದವರೆಗೆ. ಹಾಗಾಗಿ ಸೆಸ್ ಸೇರಿ 29,640 ರೂಪಾಯಿ ತೆರಿಗೆ, ಬಡ್ಡಿ ಬೇರೆ.

ಅವಳ ಮುಖ ಬಿಳಚಿಕೊಂಡಿತು. “ನಾನೇನಾದ್ರೂ ಕಳ್ಳತನ ಮಾಡಿದ್ನಾ?” ಅಂತ ಕೇಳಿದಳು. ಇಲ್ಲ ಕಣೇ, ಕಟ್ಟಬೇಕಾದ್ದು ಈಗ ಕಣ್ಣಿಗೆ ಬಿತ್ತು, ಕಟ್ಟಿದರಾಯಿತು ಅಂದೆ. ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ ಆರಿಸಿ ಕಟ್ಟಿದಳು. ಚಲನ್ ನಂಬರನ್ನು ಫಾರ್ಮ್‌ನಲ್ಲಿ ತುಂಬುವಾಗ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದಳು. ಆ ಬೆರಳು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು.

2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ರಿಬೇಟ್ 12 ಲಕ್ಷದವರೆಗೆ ಏರಿದೆ; ಇದೇ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. ಆದರೆ ತೆರಿಗೆ ಇಲ್ಲ ಅಂದರೆ ರಿಟರ್ನ್ ಬೇಡ ಅಂತಲ್ಲ. ಒಟ್ಟು ಆದಾಯ ನಾಲ್ಕು ಲಕ್ಷ ದಾಟಿದರೆ ಹಾಕಲೇಬೇಕು. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ.

“ನನ್ನ ಫ್ರೆಂಡ್‌ಗೆ ಒಬ್ಬರು ಇಲ್ಲದ ಬಾಡಿಗೆ, ಇಲ್ಲದ ದೇಣಿಗೆ ತೋರಿಸಿ ರೀಫಂಡ್ ಕೊಡಿಸಿದ್ರು” ಅಂದಳು ಅಕ್ಕನ ಮಗಳು, ಮಾತಿನ ನಡುವೆ. ಇಂಥವರ ಬಗ್ಗೆ ನನಗೆ ಕೋಪವಿದೆ. ಸುಳ್ಳು ತೋರಿಸಿ ತಪ್ಪಿಸಿದ ತೆರಿಗೆಗೆ ಅದರ ಎರಡು ಪಟ್ಟು ದಂಡ ಬೀಳಬಹುದು. ಆಗ ನೋಟಿಸ್ ಬರುವುದು ಕಮಿಷನ್ ತಿಂದವನಿಗಲ್ಲ, ಇಪ್ಪತ್ಮೂರು ವರ್ಷದ ಆ ಹುಡುಗನ ಹೆಸರಿಗೆ.

ಕೊನೆಗೆ ಇ-ವೆರಿಫಿಕೇಶನ್. ಈಗ ಅದಕ್ಕೆ ಇರುವುದು 30 ದಿನ. ಆಧಾರ್ ಒಟಿಪಿ ಸಾಕು, ಅಂಚೆ ಬೇಕಿಲ್ಲ. ನನ್ನ ಡ್ರಾಯರ್‌ನ ಕಥೆ ಹೇಳಿದೆ. ಊಟ ಆಮೇಲೆ ಮಾಡೋಣ ಅಂದವಳೇ ಆರು ಅಂಕಿ ಒತ್ತಿದಳು. ಅಕ್ನಾಲೆಡ್ಜ್‌ಮೆಂಟ್ ಇಳಿಯಿತು, ಅದೂ ಪಾಸ್‌ವರ್ಡ್ ಕೇಳಿತು. ನಾನು ಬಾಯಿ ತೆರೆಯುವ ಮೊದಲೇ ಸಣ್ಣ ಅಕ್ಷರದಲ್ಲಿ ಪ್ಯಾನ್ ಒತ್ತಿದ್ದಳು.