ಮಣಿಕಟ್ಟಿನ ಮೇಲೊಂದು ನಾಡಿಮಾಪಕ

ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ಬೆಳಗಿನ ಹೊತ್ತು ಏರುವವರಲ್ಲಿಯೂ, ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ ಅಡ್ಡಾಡುವವರಲ್ಲಿಯೂ ನಡುನಡುವೆ ಮಣಿಕಟ್ಟನ್ನು ನೋಡಿಕೊಳ್ಳುವವರು ಈಗ ಹಲವರುಂಟು. ಅವರು ನೋಡುವುದು ವೇಳೆಯನ್ನಲ್ಲ; ಇಟ್ಟ ಹೆಜ್ಜೆಗಳೆಷ್ಟು, ನಾಡಿಯ ಬಡಿತವೆಷ್ಟು ಎಂಬುದನ್ನು. ಈ ‘ಸ್ಮಾರ್ಟ್ ವಾಚ್’ ದೇಹದೊಳಗಿನ ಸುದ್ದಿಯನ್ನು ತಿಳಿಯುವುದಾದರೂ ಹೇಗೆ? ಇದನ್ನರಿತರೆ ಅದು ಹೇಳುವ ಅಂಕಿಯನ್ನು ಎಲ್ಲಿಯವರೆಗೆ ನಂಬಬಹುದೆಂಬುದೂ ತಿಳಿಯುತ್ತದೆ.

ಕತ್ತಲೆಯ ಕೋಣೆಯಲ್ಲಿ ಮೊಬೈಲಿನ ಟಾರ್ಚಿನ ಮೇಲೆ ಬೆರಳನ್ನಿಟ್ಟು ನೋಡಿರಿ. ಬಿಳಿಯ ಬೆಳಕು ಬೆರಳನ್ನು ಹಾಯ್ದು ಬರುವಾಗ ಕೆಂಪಾಗಿರುತ್ತದೆ. ಉಳಿದ ಬಣ್ಣಗಳನ್ನು, ಅದರಲ್ಲಿಯೂ ಹಸುರನ್ನು, ರಕ್ತವು ಬಹಳವಾಗಿ ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಗಡಿಯಾರದ ಬೆನ್ನಿನಲ್ಲಿ ಹಸುರು ಕಿರುದೀಪಗಳು ಮಿನುಗುವುದು ಇದಕ್ಕಾಗಿಯೇ. ಹೃದಯ ಸಂಕುಚಿಸಿದಾಗ ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳು ತುಸು ಹಿಗ್ಗುತ್ತವೆ. ಹೆಚ್ಚು ಬೆಳಕನ್ನು ರಕ್ತ ಹೀರಿ, ಕಡಮೆ ಬೆಳಕು ಹಿಂದಿರುಗುತ್ತದೆ. ಮರುಕ್ಷಣವೇ ನಾಳಗಳು ಕುಗ್ಗಿ, ಹಿಂದಿರುಗುವ ಬೆಳಕು ಹೆಚ್ಚುತ್ತದೆ. ದೀಪದ ಮಗ್ಗುಲಲ್ಲಿರುವ ಬೆಳಕುಗ್ರಾಹಿಯು ಈ ಏರಿಳಿತವನ್ನು ವಿದ್ಯುತ್ತಿನ ಅಲೆಗಳಾಗಿ ಮಾರ್ಪಡಿಸುತ್ತದೆ. ನಿಮಿಷಕ್ಕೆ ಎಷ್ಟು ಅಲೆಗಳೆಂಬುದೇ ನಾಡಿಯ ವೇಗ. ಪಟ್ಟಿ ಸಡಿಲವಾಗಿದ್ದರೆ, ಕೈ ಬಹಳ ಅಲುಗಾಡಿದರೆ, ಚಳಿಗೆ ಚರ್ಮದ ನಾಳಗಳು ಮುದುಡಿದ್ದರೆ ಈ ಎಣಿಕೆ ತಪ್ಪುವುದು ಸಹಜ.

ಹೆಜ್ಜೆಗಳ ಲೆಕ್ಕ ಇನ್ನೂ ಸರಳ. ಕೈಯ ಚಲನೆಯ ಲಯವನ್ನು ಒಂದು ಪುಟ್ಟ ವೇಗೋತ್ಕರ್ಷಮಾಪಕ ಗುರುತಿಸುತ್ತದೆ. ದಿನಕ್ಕೆ 10,000 ಹೆಜ್ಜೆಗಳೆಂಬ ಪ್ರಸಿದ್ಧ ಗುರಿಯು ಪ್ರಯೋಗಶಾಲೆಯಿಂದ ಬಂದುದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊ ಕೇ’, ಅಂದರೆ ‘ಹತ್ತು ಸಾವಿರ ಹೆಜ್ಜೆಗಳ ಮಾಪಕ’, ಎಂಬ ಸಲಕರಣೆಯ ಹೆಸರಿನಿಂದ ಹಬ್ಬಿತು. ಕೆರೆಯ ದಂಡೆಯ ಸಾವಿರ ಹೆಜ್ಜೆಗೂ ಬೆಟ್ಟದ ಸಾವಿರ ಹೆಜ್ಜೆಗೂ ಮಾಪಕ ಭೇದವೆಣಿಸದು. ಆ ಭೇದವನ್ನು ಹೇಳಬೇಕಾದುದು ನಾಡಿ. ಲೈನ್ ಬಜಾರಿಗೆ ಹೋದ ಹೆಜ್ಜೆಗಳನ್ನು ಅದು ಎಣಿಸೀತು, ಅಲ್ಲಿ ತಿಂದ ಪೇಢೆಗಳನ್ನು ಎಣಿಸದು!

ಅಂಕಿಯ ಮೇಲೆ ಪ್ರಾಣವೇ ನಿಂತ ಸಂದರ್ಭವನ್ನು ನಾವು ಕೋವಿಡ್ ಕಾಲದಲ್ಲಿ ಕಂಡೆವು. 2020-21ರಲ್ಲಿ ಅನೇಕ ಮನೆಗಳಿಗೆ ಬಂದ ಬೆರಳಿನ ಆಕ್ಸಿಮೀಟರಿನ ತತ್ತ್ವವನ್ನು ಜಪಾನಿನ ತಾಕುವೊ ಅವೊಯಾಗಿ 1974ರಲ್ಲಿ ಪ್ರಕಟಿಸಿದ್ದರು. ಕೆಂಪು ಮತ್ತು ಅವಕೆಂಪು ಎಂಬ ಎರಡು ಬಗೆಯ ಬೆಳಕು ಎಷ್ಟೆಷ್ಟು ಹೀರಲ್ಪಟ್ಟಿತೆಂಬುದರಿಂದ ಅದು ರಕ್ತದ ಆಮ್ಲಜನಕವನ್ನು ಊಹಿಸುತ್ತದೆ. ಅಂಕಿ 94ಕ್ಕಿಂತ ಇಳಿದರೆ ವೈದ್ಯರ ನೆರವು ಪಡೆಯಬೇಕೆಂದು ಆಗ ಹೇಳುತ್ತಿದ್ದರು. ಆದರೆ ಚರ್ಮದ ವರ್ಣದ್ರವ್ಯವೂ ಬೆಳಕನ್ನು ಹೀರುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಯಂತ್ರವು 92ರಿಂದ 96 ತೋರಿಸುತ್ತಿದ್ದಾಗಲೂ ನಿಜದ ಪ್ರಮಾಣ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ವರ್ಣದವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಂಡವು. ನಸುಗಪ್ಪು ಮೈಬಣ್ಣದವರೇ ಬಹಳವಾಗಿರುವ ನಮ್ಮ ನಾಡಿಗೆ ಇದು ದೂರದ ಸುದ್ದಿಯಲ್ಲ. ಉಸಿರಾಡಲು ಕಷ್ಟಪಡುತ್ತಿರುವ ರೋಗಿಯ ಬೆರಳಿನಲ್ಲಿ ಒಳ್ಳೆಯ ಅಂಕಿ ಕಂಡಿತೆಂದು ಆಸ್ಪತ್ರೆಗೆ ಹೋಗುವುದನ್ನು ತಡಮಾಡಲಾಗದು.

ರಕ್ತದೊತ್ತಡದ ಮಾತು ಬೇರೆ. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದ ಕಾಲದಲ್ಲಿ ಅದನ್ನಳೆಯಲು ಪಾದರಸದ ಕಂಬವೂ ನಾಳದ ಸದ್ದನ್ನಾಲಿಸುವ ಪಳಗಿದ ಕಿವಿಯೂ ಬೇಕಾಗಿದ್ದವು. ಇಂದಿನ ಮನೆಯ ಯಂತ್ರ ಸದ್ದನ್ನು ಕೇಳುವುದಿಲ್ಲ. ತೋಳಿನ ಪಟ್ಟಿಯ ಗಾಳಿಯಲ್ಲಿ ನಾಡಿ ಎಬ್ಬಿಸುವ ಕಂಪನಗಳಿಂದ ಒತ್ತಡವನ್ನು ಲೆಕ್ಕಹಾಕಿ, ಬ್ಲೂಟೂತ್ ರೇಡಿಯೋ ಅಲೆಗಳ ಮೂಲಕ ಮೊಬೈಲಿಗೆ ದಾಟಿಸುತ್ತದೆ. ಧಾರವಾಡದ ತಂದೆಯ ಒತ್ತಡವನ್ನು ಬೆಂಗಳೂರಿನ ಮಗಳು ಆ ಕ್ಷಣವೇ ನೋಡಬಲ್ಲಳು. ಒಂದೇ ಅಂಕಿಯನ್ನು ಕಂಡು ಇಬ್ಬರೂ ಗಾಬರಿಯಾಗುವುದೂ ಉಂಟು! ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಹೀಗೆ ಏಳು ದಿನ ಅಳೆಯಬೇಕು. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ 135/85ನ್ನು ಮುಟ್ಟಿದರೆ ಅಥವಾ ಮೀರಿದರೆ, ಆ ಪಟ್ಟಿಯನ್ನು ವೈದ್ಯರ ಮುಂದಿಡತಕ್ಕದ್ದು.