ನುಂಗಲಾರದ ಮಗುವಿಗೆ ಉಣಿಸುವ ಬಗೆ

ಅಪಘಾತದಿಂದಲೋ ಮೆದುಳುಜ್ವರದಿಂದಲೋ ಮೆದುಳಿಗೆ ಹಾನಿಯಾದ ಮಗು ಆಸ್ಪತ್ರೆಯಿಂದ ಮನೆಗೆ ಮರಳಿದಾಗ, ಮಗುವಿನ ಹೊಟ್ಟೆ ತುಂಬಿತೇ ಎಂಬುದೇ ಮನೆಯವರ ಮೊದಲ ಚಿಂತೆ. ಮಗು ಸುರಕ್ಷಿತವಾಗಿ ನುಂಗಬಲ್ಲದೇ ಎಂಬುದು ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ.

ನುಂಗುವುದು ನೋಡಲು ಸರಳವಾದ ಕ್ರಿಯೆ. ಆದರೆ ನಾಲಗೆ ಹಾಗೂ ಗಂಟಲಿನ ಹಲವು ಸ್ನಾಯುಗಳು ಮೆದುಳಿನ ಅಪ್ಪಣೆಯಂತೆ ಕ್ರಮ ತಪ್ಪದೆ ದುಡಿದಾಗ ಮಾತ್ರ ಶ್ವಾಸನಾಳದ ಬಾಯಿ ಮುಚ್ಚಿ, ತುತ್ತು ಅನ್ನನಾಳಕ್ಕೆ ಇಳಿಯುತ್ತದೆ. ಈ ಕ್ರಮ ಕೆಟ್ಟರೆ ಆಹಾರವು ಶ್ವಾಸಕೋಶವನ್ನು ಸೇರಿ ನ್ಯುಮೋನಿಯಾ ಉಂಟಾಗಬಹುದು.

ಅಪಾಯದ ಸೂಚನೆಗಳು

ಉಣ್ಣುವಾಗ ಕೆಮ್ಮು, ಕಣ್ಣಲ್ಲಿ ನೀರು, ಗೊರಗೊರ ಧ್ವನಿ, ಏದುಸಿರು, ಮೇಲಿಂದ ಮೇಲೆ ಜ್ವರ ಇವು ಎಚ್ಚರಿಕೆಯ ಗುರುತುಗಳು. ಕೆಲವು ಮಕ್ಕಳಲ್ಲಿ ಕೆಮ್ಮುವ ಶಕ್ತಿಯೇ ಕುಂದಿರುತ್ತದೆ. ಆದ್ದರಿಂದ ಕೆಮ್ಮಲಿಲ್ಲವೆಂದು ನಿಶ್ಚಿಂತರಾಗಬಾರದು. ನುಂಗುವಿಕೆಯನ್ನು ಕ್ಷ-ಕಿರಣದ ಚಲಿಸುವ ಚಿತ್ರದಲ್ಲಿ ನೋಡುವ ವಿಡಿಯೋಫ್ಲೋರೋಸ್ಕೋಪಿ ಪರೀಕ್ಷೆಯಿಂದ ಇಂಥ ಮೌನ ದೋಷವೂ ಬಯಲಾಗುತ್ತದೆ.

ಉಣಿಸುವ ಕ್ರಮ

ಮಗುವನ್ನು ತೊಡೆಯ ಮೇಲೆ ಮಲಗಿಸಿ ಒಳಲೆಯಿಂದ ಹಾಲು ಹೊಯ್ಯುವುದು ನಮ್ಮ ಹಿರಿಯರ ರೂಢಿ. ಈ ಮಗುವಿಗೆ ಅದು ಸಲ್ಲದು. ಮಗು ಪೂರ್ಣ ಎಚ್ಚರವಿರುವಾಗ, ಬೆನ್ನು ಮತ್ತು ತಲೆಗೆ ಆಸರೆ ಕೊಟ್ಟು ನೆಟ್ಟಗೆ ಕೂಡಿಸಿ ಉಣಿಸಬೇಕು. ಕತ್ತು ಹಿಂದಕ್ಕೆ ವಾಲಬಾರದು. ತುತ್ತು ಚಿಕ್ಕದಿರಲಿ. ಒಂದು ತುತ್ತು ಇಳಿದು ಬಾಯಿ ಬರಿದಾದ ಬಳಿಕವೇ ಇನ್ನೊಂದನ್ನು ಕೊಡಬೇಕು. ಊಟವಾದ ಮೇಲೆ ಬಾಯಿ ಶುಚಿಗೊಳಿಸಿ, ಅರ್ಧ ಗಂಟೆಯಾದರೂ ಮಲಗಿಸದಿರಬೇಕು.

ಆಹಾರದ ಹದ

ನೀರು, ಹಾಲು, ತಿಳಿಸಾರು ಬೇಗ ಹರಿಯುವುದರಿಂದ ಅನೇಕ ಮಕ್ಕಳಿಗೆ ಕಷ್ಟ. ಸಾರನ್ನದಲ್ಲಿ ದ್ರವವೂ ಅಗುಳೂ ಬೆರೆತಿರುವುದರಿಂದ ತೊಡಕು ಇನ್ನೂ ಹೆಚ್ಚು. ಮಂಡಕ್ಕಿ, ಕಡಲೆಬೀಜ, ಕೊಬ್ಬರಿಯ ಚೂರುಗಳನ್ನು ಕೊಡಲೇಬಾರದು. ಗಂಟಿಲ್ಲದ ರಾಗಿಸರಿ, ನುಣ್ಣಗೆ ಅರೆದ ಬೇಳೆ ಅನ್ನ ಹಲವರಿಗೆ ಒಗ್ಗುತ್ತವೆ. ಆದರೆ ಯಾವ ಮಗುವಿಗೆ ಯಾವ ಹದವೆಂಬುದನ್ನು ತಜ್ಞರೇ ನಿರ್ಧರಿಸಬೇಕು. ಎಂಜಲು ಸೋಕಿದರೆ ಗಂಜಿ ನೀರಾಗುವುದರಿಂದ, ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಬಡಿಸಿಕೊಳ್ಳುವುದು ಲೇಸು.

ನಳಿಕೆ ಸೋಲಲ್ಲ

ಬಾಯಿಂದ ಸಾಕಷ್ಟು ಆಹಾರ ಹೋಗದಿದ್ದರೆ ವೈದ್ಯರು ಮೂಗಿನ ಮೂಲಕ ಅಥವಾ ನೇರವಾಗಿ ಜಠರಕ್ಕೆ ನಳಿಕೆ ಇಡುತ್ತಾರೆ. ಇದನ್ನು ಕಂಡು ತಾಯಂದಿರು ಎದೆಗುಂದಬಾರದು. ಪೋಷಣೆ ದೊರೆತ ಮಗುವಿಗೆ ಚೇತರಿಕೆಯ ಬಲ ಬರುತ್ತದೆ. ಎಷ್ಟೋ ಮಕ್ಕಳು ಕ್ರಮೇಣ ಬಾಯಿಂದ ಉಣ್ಣಲು ಕಲಿಯುತ್ತಾರೆ.

ನುಂಗುವಿಕೆಯ ತರಬೇತಿ ನೀಡುವವರು ವಾಕ್ ಚಿಕಿತ್ಸಕರು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, ಮುಂಬಯಿಯ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ಸಂಸ್ಥೆಯೂ ಇಂಥ ಚಿಕಿತ್ಸಕರನ್ನು ತಯಾರುಮಾಡುತ್ತವೆ. ತಾಯಿ ಕಲಿತದ್ದನ್ನು ಅಜ್ಜಿ, ಆಯಾ, ನೆರೆಮನೆಯವರೂ ಕಲಿಯಬೇಕು. ಮಮತೆಯಿಂದ ಹಾಕಿದ ಒಂದು ಗುಟುಕು ನೀರೂ ಮಗುವಿಗೆ ಅಪಾಯ ತಂದೀತು.